ಸೈಕಲ್ ಕಲಿಸಲು ಸೈಡ್ ವೀಲೋ, ಪೆಡಲ್ ಬಿಚ್ಚುವುದೋ?

"ಹ್ಯಾಂಡಲ್ ನೇರ ಹಿಡಿ, ಅಲ್ಲಾಡಿಸಬೇಡ" ಎಂದು ಮಗುವಿಗೆ ಹೇಳುತ್ತೇವಲ್ಲ, ತಪ್ಪು ಶುರುವಾಗುವುದೇ ಅಲ್ಲಿಂದ. ಹ್ಯಾಂಡಲ್ ಅಲ್ಲಾಡುವುದರಿಂದಲೇ ಸೈಕಲ್ ಬೀಳದೆ ಓಡುವುದು. ಬಲಕ್ಕೆ ವಾಲಿದಾಗ ಬಲಕ್ಕೇ ತಿರುಗಿಸಿದರೆ ಚಕ್ರಗಳು ಮೈಭಾರದ ಅಡಿಗೆ ಬರುತ್ತವೆ, ಸೈಕಲ್ ಎದ್ದು ನಿಲ್ಲುತ್ತದೆ. ಮಗುವಿನ ಕೈ ಇದನ್ನು ಕಲಿಯುತ್ತದೋ ಇಲ್ಲವೋ ಎಂದಷ್ಟೇ ನೋಡಿ ಎರಡೂ ವಿಧಾನ ಹೋಲಿಸಿದ್ದೇವೆ.

ಸೈಡ್ ವೀಲ್ ಹಾಕಿದರೆ ಮಗು ಮೊದಲ ದಿನವೇ ಪೆಡಲ್ ತುಳಿಯುತ್ತದೆ. ಲಾಭ ಅಷ್ಟೇ. ಎರಡೂ ಪುಟ್ಟ ಚಕ್ರ ನೆಲ ಮುಟ್ಟಿದ್ದರೆ ಸೈಕಲ್ ವಾಲುವುದಿಲ್ಲ. ತಿರುವಿನಲ್ಲಿ ಒಳಕ್ಕೆ ಬಾಗಬೇಕಾದ ಮೈ ಹೊರಕ್ಕೆ ಹೋಗುತ್ತದೆ. ಬಿಚ್ಚಿದ ದಿನ ಎಡಕ್ಕೆ ವಾಲಿದ ಮಗು ಹ್ಯಾಂಡಲನ್ನು ಬಲಕ್ಕೆಳೆದು ದೊಪ್ಪನೆ ಎಡಕ್ಕೇ ಬೀಳುತ್ತದೆ. ಇದನ್ನೇ ಬಳಸುವುದಾದರೆ ಆ ಚಕ್ರಗಳನ್ನು ನೆಲದಿಂದ ಎರಡು ಬೆರಳಷ್ಟಾದರೂ ಮೇಲೆತ್ತಿ.

ನಮ್ಮ ಆಯ್ಕೆ ಪೆಡಲ್ ಬಿಚ್ಚುವುದು. ಸಾಮಾನ್ಯವಾಗಿ 15 ಮಿ.ಮೀ. ಸ್ಪ್ಯಾನರ್ ಸಾಕು. ಎಡ ಪೆಡಲಿನ ಥ್ರೆಡ್ ಉಲ್ಟಾ: ಗಡಿಯಾರದ ಮುಳ್ಳಿನ ದಿಕ್ಕಿಗೇ ತಿರುಗಿಸಬೇಕು, ಇಲ್ಲದಿದ್ದರೆ ಇನ್ನಷ್ಟು ಬಿಗಿಯಾಗುತ್ತದೆ. ಸೀಟಿನ ಮೇಲೆ ಕೂತಾಗ ಎರಡೂ ಅಂಗಾಲು ಪೂರ್ತಿ ನೆಲಕ್ಕೂರಬೇಕು. ತುಸು ಇಳಿಜಾರಿನ, ಗಟ್ಟಿ ನೆಲ ಆರಿಸಿ. ದಟ್ಟ ಹುಲ್ಲಿನಲ್ಲಿ ವೇಗ ಬರುವುದಿಲ್ಲ, ವೇಗವಿಲ್ಲದೆ ಹ್ಯಾಂಡಲ್ ಮಾತು ಕೇಳುವುದಿಲ್ಲ. ಮೊದಲು ನಡಿಗೆ, ಆಮೇಲೆ ಎರಡೂ ಕಾಲಲ್ಲಿ ಒದ್ದು ಓಟ, ಆಮೇಲೆ ಐದು ಎಣಿಸುವಷ್ಟು ಹೊತ್ತು ಕಾಲೆತ್ತುವುದು. ಕಾಲೆತ್ತಿಕೊಂಡೇ ಹತ್ತು ಮೀಟರ್ ಸಾಗಿ ಒಂದು ತಿರುವು ದಾಟಿದರೆ ಪೆಡಲ್ ಹಾಕಬಹುದು. ಸೀಟನ್ನು ಮಾತ್ರ ಆಗಲೇ ಏರಿಸಬೇಡಿ. ಒಳಪೆಡಲ್ (ದೊಡ್ಡ ಸೈಕಲ್ಲಿನ ಚೌಕಟ್ಟಿನೊಳಗೆ ಕಾಲು ತೂರಿಸಿ ತುಳಿಯುವುದು) ಹೊಡೆಯುವ ಮುಂಚೆ ಒಂದು ಕಾಲು ಪೆಡಲ್ ಮೇಲಿಟ್ಟು ಇನ್ನೊಂದರಿಂದ ನೆಲ ಒದ್ದುಕೊಂಡು ಹೋಗುತ್ತಿದ್ದವರು ಕಲಿಯುತ್ತಿದ್ದದ್ದೂ ಇದೇ ಪಾಠ.

"ಬ್ಯಾಲೆನ್ಸ್ ಮಾಡು" ಎಂದರೆ ಮಗುವಿಗೆ ಏನೂ ತಿಳಿಯುವುದಿಲ್ಲ. "ಯಾವ ಕಡೆ ಬೀಳ್ತೀಯೋ ಆ ಕಡೇನೇ ಹ್ಯಾಂಡಲ್ ತಿರುಗಿಸು ಪುಟ್ಟಾ" ಎನ್ನಿ. ಅದೂ ನಾಲ್ಕು ಸಲ ಓಲಾಡಿದ ಮೇಲೆ. ಮೊದಲೇ ಹೇಳಿದ್ದು ಮನಸ್ಸಿಗೆ ಇಳಿಯುವುದಿಲ್ಲ. ವಿವರಣೆಯ ಫಲ ತಡವಾಗಿ ಕಾಣಿಸುತ್ತದೆ. ಅಮೆರಿಕದ ಮನೋವಿಜ್ಞಾನಿ ಚಾರ್ಲ್ಸ್ ಜಡ್ 1908ರಲ್ಲಿ ವರದಿ ಮಾಡಿದ ಪ್ರಯೋಗದಲ್ಲಿ ಹುಡುಗರು ನೀರಿನಡಿಯ ಗುರಿಗೆ ಪುಟ್ಟ ಬಾಣ (ಡಾರ್ಟ್) ಎಸೆಯುತ್ತಿದ್ದರು. ಬೆಳಕಿನ ವಕ್ರೀಭವನ, ಅಂದರೆ ನೀರಿನಲ್ಲಿ ಬೆಳಕು ಬಾಗುವುದು, ತಿಳಿದವರು 12 ಇಂಚು ಆಳದಲ್ಲಿ ಉಳಿದವರಿಗಿಂತ ಮೇಲಾಗಿರಲಿಲ್ಲ. ಆಳ 4 ಇಂಚಿಗೆ ಇಳಿದಾಗ ಬೇಗ ಹೊಂದಿಕೊಂಡರು. ಸೈಕಲ್ಲಿನಲ್ಲಿ ಆ ಬದಲಾವಣೆ ಎಂದರೆ ದಾರಿಯಲ್ಲಿ ಸಿಗುವ ಮರಳು, ಮುಂದಿನ ವರ್ಷದ ದೊಡ್ಡ ಸೈಕಲ್.

ಹಿಡಿದುಕೊಳ್ಳುವವರು ಹ್ಯಾಂಡಲ್ ಮುಟ್ಟಲೇಬಾರದು. ಮಗುವಿನ ಕಂಕುಳಡಿ ಹಗುರವಾಗಿ ಕೈಯಿಟ್ಟು, ಸೈಕಲ್ ವಾಲುವುದಕ್ಕೆ ಬಿಡಿ.