ಅಗ್ಗದ ಏರ್ ಚಿಸಲ್ ಗನ್: ತಗಡು ನುಣುಪು ಮಾಡುವ ಸುತ್ತಿಗೆಗೆ ಸಾಕೇ?

ಎರಡು ಸಾವಿರ ರೂಪಾಯಿ ಆಸುಪಾಸಿಗೆ ನಾಲ್ಕು ಚಿಸಲ್ (ಉಳಿ) ಸಮೇತ ಸಿಗುವ, ಕಂಪ್ರೆಸರ್ ಗಾಳಿಯಿಂದ ಪೆಟ್ಟು ಕೊಡುವ ಏರ್ ಚಿಸಲ್ ಗನ್ನು ಗೋಡೆ ಒಡೆಯುವ ಕೆಲಸಕ್ಕೆ ಲಾಯಕ್ಕಿಲ್ಲ. ಆದರೆ ಮಡ್‌ಗಾರ್ಡ್, ಬೈಕಿನ ಟ್ಯಾಂಕು, ಹಳೇ ಜೀಪಿನ ಬಾಗಿಲು ಇಂಥವುಗಳ ತಗಡಿನ ಉಬ್ಬುತಗ್ಗು ತೆಗೆಯುವ ಪ್ಲಾನಿಶಿಂಗ್ ಹ್ಯಾಮರ್ ಕಟ್ಟಿಕೊಳ್ಳಲು ಅದೇ ಗನ್ನು ಸಾಕು. ಗನ್ನನ್ನು ಫ್ರೇಮಿಗೆ ಕಟ್ಟಿ, ಅದರಲ್ಲಿ ಚಿಸಲ್ ಬದಲು ಮೇಲಿನ ಡೈ (ಪೆಟ್ಟು ಕೊಡುವ ಉಕ್ಕಿನ ಅಚ್ಚು), ಫ್ರೇಮಿನ ಕೆಳತೋಳಿನ ಮೇಲೆ ಕೆಳಗಿನ ಡೈ ಇಟ್ಟು, ನಡುವೆ ತಗಡು ಆಡಿಸುವುದು. ಗನ್ನಿಗೆ ಐದರಲ್ಲಿ ನಾಲ್ಕು ಅಂಕ. ಜೊತೆಗೆ ಬರುವ ಚಿಸಲ್‌ಗಳಿಗೆ ಸೊನ್ನೆ.

ಗನ್ನು ಸಿಗುವ 150, 190, 250 ಮಿ.ಮೀ. ಅಳತೆಗಳಲ್ಲಿ 150 ಆರಿಸಿ. ಬ್ಯಾರಲ್ ಉದ್ದವಾದಷ್ಟೂ ಪಿಸ್ಟನ್ ದೂರ ಓಡುತ್ತದೆ. ಪೆಟ್ಟು ಜೋರಾಗುತ್ತದೆ, ನಿಮಿಷಕ್ಕೆ ಬೀಳುವ ಪೆಟ್ಟಿನ ಸಂಖ್ಯೆ ಇಳಿಯುತ್ತದೆ. ಚಿಕ್ಕ ಗನ್ನಿನ ಡಬ್ಬಿಯ ಮೇಲೆ ನಿಮಿಷಕ್ಕೆ 4,500 ಪೆಟ್ಟು ಎಂದಿರುತ್ತದೆ. 20 ಗೇಜ್ (ಸುಮಾರು 0.9 ಮಿ.ಮೀ. ದಪ್ಪ) ತಗಡಿಗೆ ಬೇಕಾದ್ದು ಇಂಥ ಸಣ್ಣ, ಚುರುಕು ಪೆಟ್ಟೇ. ಶ್ಯಾಂಕ್ (ಗನ್ನಿನೊಳಗೆ ಕೂರುವ ಹಿಂತುದಿ) ದುಂಡಗಿರಲಿ, 10.2 ಮಿ.ಮೀ.; ಷಟ್ಕೋನದ್ದಾದರೆ ಮೇಲಿನ ಡೈಯನ್ನು ಬರೀ ಲೇತ್‌ನಲ್ಲಿ ಮುಗಿಸಲಾಗದು.

ಜೊತೆಗೆ ಬಂದ ಚಿಸಲ್ ಕತ್ತರಿಸಿ ಅದಕ್ಕೆ ಸುತ್ತಿಗೆಯ ಮುಖ ವೆಲ್ಡ್ ಮಾಡುವುದು ಬಹಳ ಜನ ಹಿಡಿಯುವ ಅಡ್ಡದಾರಿ. ಹದ ಕೊಟ್ಟ ಉಕ್ಕು ವೆಲ್ಡ್ ಪಕ್ಕದಲ್ಲೇ ಸೀಳುತ್ತದೆ. ಓಎಚ್‌ಎನ್‌ಎಸ್ (ಎಣ್ಣೆಯಲ್ಲಿ ಅದ್ದಿ ಹದ ಕೊಡುವ ಟೂಲ್ ಸ್ಟೀಲ್) ಸರಳಿನಿಂದ ಶ್ಯಾಂಕು, ಮುಖ ಎರಡನ್ನೂ ಒಂದೇ ತುಂಡಾಗಿ ತಿರುಗಿಸಿ. ಮುಖದ ವ್ಯಾಸ 35 ಮಿ.ಮೀ. ದಾಟದಿರಲಿ, ಭಾರವಾದರೆ ಪೆಟ್ಟು ಮಂದವಾಗುತ್ತದೆ. ಅಂಚು 2 ಮಿ.ಮೀ. ದುಂಡಗಿರಲಿ. ಹದ ಕೊಟ್ಟ ಮೇಲೆ 400, 800ರ ಎಮರಿ, ಕೊನೆಗೆ ಬಫಿಂಗ್. ಡೈ ಮೇಲೆ ಉಳಿದ ಪ್ರತಿ ಗೀರೂ ತಗಡಿನಲ್ಲಿ ಅಚ್ಚಾಗುತ್ತದೆ.

ಕೆಳಗಿನ ಡೈಗಳು ಕನಿಷ್ಠ ಮೂರು ಬೇಕು: 75, 150, 300 ಮಿ.ಮೀ. ತ್ರಿಜ್ಯದವು. ಡೈಯ ಉಬ್ಬು ತಗಡಿನ ಉಬ್ಬಿಗಿಂತ ತುಸು ಹೆಚ್ಚಿರಬೇಕು, ಇಲ್ಲದಿದ್ದರೆ ಡೈಯ ಅಂಚು ಕಚ್ಚಿ ಅರ್ಧಚಂದ್ರದ ಗುರುತು ಬೀಳುತ್ತದೆ. ಅದೇ ಗುರುತು ಎರಡು ಡೈ ನೇರಕ್ಕಿಲ್ಲದಿದ್ದರೂ ಬರುತ್ತದೆ. ಯಾವ ಕಾರಣಕ್ಕೆ ಬಂತೆಂದು ತಿಳಿಯಲು ಡೈಗಳ ನಡುವೆ ಕಾಗದ, ಕಾರ್ಬನ್ ಪೇಪರ್ ಜೋಡಿಸಿ ಮೇಲಿನ ಡೈಯನ್ನು ಕೈಯಲ್ಲೇ ಒತ್ತಿ. ಕಲೆ ನಡುವೆ ಬೀಳಬೇಕು.

ಫ್ರೇಮಿಗೆ 75×75×5 ಮಿ.ಮೀ. ಚೌಕ ಪೈಪು, ಒಳಗಂಟಲು (ಡೈಯಿಂದ ಹಿಂದಿನ ಕಂಬದವರೆಗಿನ ಜಾಗ) 450 ಮಿ.ಮೀ., ಮೂಲೆಗಳಿಗೆ ಗಸೆಟ್ (ಬಲಕ್ಕೆ ಹಾಕುವ ತ್ರಿಕೋನ ಪಟ್ಟಿ). 50×50×3 ಪೈಪಿನ ಫ್ರೇಮು ಪ್ರತಿ ಪೆಟ್ಟಿಗೂ ಬಾಯಿ ತೆರೆದು ಮುಚ್ಚುತ್ತದೆ. ಪೆಟ್ಟಿನ ಶಕ್ತಿ ಸ್ವಲ್ಪ ಅಲ್ಲೇ ಕರಗಿ, ತಗಡು ಕೈಯಲ್ಲಿ ನಡುಗುತ್ತದೆ. ಕೆಳಗಿನ ತೋಳಿಗೆ ಒಣ ಮರಳು ತುಂಬಿದರೆ ಗಲಾಟೆ ಸ್ವಲ್ಪ ಇಳಿದೀತು. ಆದರೂ ಇಯರ್ ಮಫ್ ಇಲ್ಲದೆ ಕೂರಬೇಡಿ. ಬ್ಯಾರಲನ್ನು ಯು-ಬೋಲ್ಟಿನಿಂದ ಬಿಗಿಯಬೇಡಿ, ಅಮುಕಿದರೆ ಒಳಗೆ ಪಿಸ್ಟನ್ ಸಿಕ್ಕಿಕೊಳ್ಳುತ್ತದೆ. 40 ಮಿ.ಮೀ. ದಪ್ಪದ ಅಲ್ಯೂಮಿನಿಯಂ ಬ್ಲಾಕಿಗೆ ಬ್ಯಾರಲ್ ಅಳತೆಗೆ ಸರಿಯಾಗಿ ಬೋರ್ ಹೊಡೆಸಿ, ಸೀಳಿ, ಎರಡು ಎಂ8 ಬೋಲ್ಟ್ ಹಾಕಿ. ಗನ್ನಿನ ಮುಂಭಾಗದ ಸ್ಪ್ರಿಂಗ್ ತೆಗೆಯಲೇಬಾರದು. ಅದಿಲ್ಲದಿದ್ದರೆ ಡೈ ಹಾರುತ್ತದೆ. ತಗಡಿಲ್ಲದೆ ಖಾಲಿ ಓಡಿಸುವುದೂ ಬೇಡ.

ಒಂದು ಅಂಕ ಕಳೆದದ್ದು ಟ್ರಿಗರ್‌ಗೆ. ಅದಕ್ಕೆ ಗೊತ್ತಿರುವುದು ಪೂರಾ ಚಾಲೂ, ಪೂರಾ ಬಂದ್, ಎರಡೇ. ಟ್ರಿಗರನ್ನು ಒತ್ತಿದಂತೆಯೇ ಕಟ್ಟಿಹಾಕಿ, ಕಾಲಲ್ಲಿ ಒತ್ತುವ ವಾಲ್ವು, ಅದರ ಹಿಂದೆ ಗಾಳಿಯ ಒತ್ತಡ ಹೊಂದಿಸುವ ರೆಗ್ಯುಲೇಟರ್ ಇಡಿ. 30 ಪಿಎಸ್‌ಐನಿಂದ ಶುರುಮಾಡಿ, ಬೇಕಾದಷ್ಟೇ ಏರಿಸಿ. ಅಲ್ಯೂಮಿನಿಯಂ ತಗಡಿಗೆ ಇನ್ನೂ ಹುಷಾರು. ತಗಡು ಒಂದೇ ಕಡೆ ನಿಂತರೆ ಅಲ್ಲಿ ತೆಳುವಾಗಿ ಹಿಗ್ಗಿ, ಆಮೇಲೆ ಒತ್ತಿದರೆ ಡಬ್ಬಿ ಮುಚ್ಚಳದಂತೆ ಟಕ್ ಟಕ್ ಎನ್ನುತ್ತದೆ.

ಕಂಪ್ರೆಸರ್ 2 ಎಚ್‌ಪಿ ಇದ್ದರೆ ಬಿಟ್ಟು ಬಿಟ್ಟು ಕೆಲಸ ನಡೆಯುತ್ತದೆ. 1 ಎಚ್‌ಪಿಯಲ್ಲಿ ಕಾಯುವುದೇ ಕೆಲಸ. ದಿನಾ ಟ್ಯಾಂಕಿನ ನೀರು ಬಿಡಿ, ಗನ್ನಿಗೆ ನಾಲ್ಕು ಹನಿ ಏರ್ ಟೂಲ್ ಆಯಿಲ್ ಬಿಡಿ. ಆ ಎಣ್ಣೆ ಎಕ್ಸಾಸ್ಟ್‌ನಿಂದ ತಗಡಿನ ಮೇಲೂ ಸಿಡಿಯುವುದರಿಂದ ಪ್ರೈಮರ್ ಹೊಡೆಯುವ ಮುಂಚೆ ಥಿನ್ನರ್ ಹಾಕಿ ಎರಡೂ ಮಗ್ಗುಲು ಒರೆಸಿ.