ದಾರಿ ಹುಡುಕುತ್ತಿರುವವರು ಹತ್ತು ದಿನದ ವಿಪಶ್ಯನ ಶಿಬಿರಕ್ಕೆ ಹೋಗಬಹುದಾ?

ಯಾವ ದಾರಿ ಹಿಡಿಯೋದು ಅಂತ ತಿಳಿಯದೆ ಒದ್ದಾಡುತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಹುಟ್ಟಿದ ಮನೆಯ ಧರ್ಮ ಸಾಕಾಗುತ್ತಿಲ್ಲ, ಬಿಡೋಕೂ ಮನಸ್ಸಿಲ್ಲ. ಒಬ್ಬರು ಭಕ್ತಿ ಇದ್ದರೆ ಸಾಕು ಅಂತಾರೆ, ಇನ್ನೊಬ್ಬರು ವಿಚಾರ ಮಾಡು ಅಂತಾರೆ, ಮತ್ತೊಬ್ಬರು ಸುಮ್ನೆ ಕೂತ್ಕೋ ಅಂತಾರೆ. ಎಲ್ಲರ ಪ್ರವಚನವೂ ಫೋನಿನಲ್ಲೇ ಸಿಗುತ್ತದೆ. ಕೇಳುವಾಗ ಎಲ್ಲರೂ ಸರಿ ಅನಿಸುತ್ತಾರೆ, ಕೇಳಿ ಎದ್ದ ಮೇಲೆ ನಾವು ಇದ್ದಲ್ಲೇ ಇರುತ್ತೇವೆ. ಇಂಥವರಿಗೆ ಗೋಯೆಂಕಾ ಪರಂಪರೆಯ ಹತ್ತು ದಿನದ ವಿಪಶ್ಯನ (ಬೌದ್ಧ ಮೂಲದ ಒಂದು ಧ್ಯಾನ ವಿಧಾನ) ಶಿಬಿರ ಒಳ್ಳೆಯ ಆರಂಭ ಅಂತ ನನ್ನ ಅಭಿಪ್ರಾಯ. ಆದರೆ ಅಲ್ಲಿ ಏನು ಸಿಗುತ್ತದೆ, ಏನು ಸಿಗಲ್ಲ ಅಂತ ತಿಳಿದುಕೊಂಡೇ ಹೋಗಿ.

ಹಿನ್ನೆಲೆ ಸ್ವಲ್ಪ ಹೇಳುತ್ತೇನೆ. ಎಸ್. ಎನ್. ಗೋಯೆಂಕಾ 1924ರಲ್ಲಿ ಬರ್ಮಾದ ಮಾಂಡಲೆಯಲ್ಲಿ ಹುಟ್ಟಿದವರು. ವ್ಯಾಪಾರಿ ಕುಟುಂಬ, ಹಿಂದೂ ಸಂಸ್ಕಾರ. ವಿಪರೀತ ಮೈಗ್ರೇನ್ ಇತ್ತು, ಅದಕ್ಕೆ ಪರಿಹಾರ ಹುಡುಕುತ್ತಾ ಅಲ್ಲಿ ವಿಪಶ್ಯನ ಕಲಿಸುತ್ತಿದ್ದ ಊ ಬಾ ಖಿನ್ ಅವರ ಹತ್ತಿರ ಹೋದರು. ಊ ಬಾ ಖಿನ್ ಸನ್ಯಾಸಿ ಅಲ್ಲ, ಸಂಸಾರಸ್ಥರು, ಸ್ವತಂತ್ರ ಬರ್ಮಾದ ಮೊದಲ ಅಕೌಂಟೆಂಟ್ ಜನರಲ್. 1969ರಲ್ಲಿ ಗೋಯೆಂಕಾ ಭಾರತಕ್ಕೆ ಬಂದು ಶಿಬಿರ ನಡೆಸಲು ಶುರು ಮಾಡಿದರು. 2013ರಲ್ಲಿ ತೀರಿಕೊಂಡರು. ಈಗಲೂ ಪಾಠ ನಡೆಯುವುದು ಅವರ ಧ್ವನಿಮುದ್ರಣದಲ್ಲೇ, ಎದುರಿಗೆ ಕೂರುವುದು ಸಹಾಯಕ ಆಚಾರ್ಯರು.

ದುಡ್ಡಿನ ವಿಷಯ ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಯಾವ ಗುರುವಿನ ಹತ್ತಿರ ಹೋದರೂ ನಾವು ನೋಡಬೇಕಾದ ಮೊದಲ ಸಂಗತಿ ಇದು. ಶಿಬಿರಕ್ಕೆ ಶುಲ್ಕ ಇಲ್ಲ. ಊಟ, ವಸತಿಗೂ ಇಲ್ಲ. ದಾನ ತೆಗೆದುಕೊಳ್ಳುವುದು ಪೂರ್ತಿ ಶಿಬಿರ ಮುಗಿಸಿದವರಿಂದ ಮಾತ್ರ, ಅದೂ ಅವರಿಗೆ ಕೊಡಬೇಕು ಅನಿಸಿದರೆ. ನೀವು ಕೂತು ನೋಡುವ ಮೊದಲು ನಿಮ್ಮಿಂದ ಏನನ್ನೂ ಪಡೆಯುವುದಿಲ್ಲ ಅನ್ನುವ ಈ ನಿಯಮ ನನಗೆ ತುಂಬಾ ಹಿಡಿಸಿತು. ದೀಕ್ಷೆ ಇಲ್ಲ, ಹೊಸ ಹೆಸರು ಇಲ್ಲ, ಸದಸ್ಯತ್ವ ಇಲ್ಲ.

ಬೆಳಗ್ಗೆ ನಾಲ್ಕಕ್ಕೆ ಗಂಟೆ. ನಾಲ್ಕೂವರೆಗೆ ಮೊದಲ ಧ್ಯಾನ. ರಾತ್ರಿ ಒಂಬತ್ತೂವರೆಗೆ ದೀಪ ಆರುತ್ತದೆ. ನಡುವೆ ಹತ್ತು ಗಂಟೆಗೂ ಜಾಸ್ತಿ ಕೂರುವುದೇ ಕೆಲಸ. ಫೋನ್ ಇಲ್ಲ, ಪುಸ್ತಕ ಇಲ್ಲ, ಪೆನ್ನೂ ಇಲ್ಲ. ಪಕ್ಕದವರ ಜೊತೆ ಮಾತಿಲ್ಲ, ಸನ್ನೆಯೂ ಇಲ್ಲ. ಮೌನ ಮುರಿಯುವುದು ಹತ್ತನೇ ದಿನ. ಜನ ಹೆದರುವುದು ಈ ಮೌನಕ್ಕೆ, ಆದರೆ ನಿಜವಾಗಿ ಕಷ್ಟ ಅದಲ್ಲ. ಇನ್ನೊಬ್ಬರ ಮುಂದೆ ಹೇಗೆ ಕಾಣುತ್ತೇನೆ ಅನ್ನುವ ಚಿಂತೆ ಹೋಗಿಬಿಡುವುದರಿಂದ ಮಾತಿಲ್ಲದಿರುವುದು ಒಂಥರಾ ಹಗುರ. ಕಷ್ಟ ಇರುವುದು ಮಂಡಿಯಲ್ಲಿ.

ಮೊದಲ ಮೂರು ದಿನ ಉಸಿರು ಮಾತ್ರ. ಎಣಿಸುವುದಿಲ್ಲ, ಜಪ ಇಲ್ಲ, ರೂಪ ಇಲ್ಲ. ಮೂಗಿನ ಹೊಳ್ಳೆ ಮತ್ತು ಮೇಲ್ತುಟಿಯ ನಡುವಿನ ಚಿಕ್ಕ ಜಾಗದಲ್ಲಿ ಏನಾಗುತ್ತಿದೆ ಅಂತ ನೋಡುತ್ತಾ ಕೂರಬೇಕು. ಮೊದಲು ಅಲ್ಲಿ ಏನೂ ಇರುವುದಿಲ್ಲ. ಆಮೇಲೆ ಒಳಗೆ ಹೋಗುವ ಗಾಳಿ ತಣ್ಣಗೆ, ಹೊರಗೆ ಬರುವುದು ಬೆಚ್ಚಗೆ ಅಂತ ಗೊತ್ತಾಗುತ್ತದೆ. ಇನ್ನೂ ಆಮೇಲೆ ಸಣ್ಣ ಕಡಿತ, ಜುಮ್ಮೆನ್ನುವುದು, ನಾಡಿ ಬಡಿತ. ನಾಲ್ಕನೇ ದಿನ ವಿಪಶ್ಯನ ಹೇಳಿಕೊಡುತ್ತಾರೆ, ಅದೇ ಗಮನವನ್ನು ತಲೆಯಿಂದ ಪಾದದವರೆಗೆ ಒಂದೊಂದೇ ಭಾಗವಾಗಿ ಹಾಯಿಸುವುದು. ಅಲ್ಲಿಂದ ದಿನಕ್ಕೆ ಮೂರು ಸಲ ಒಂದು ಗಂಟೆ ಕೈ, ಕಾಲು, ಕಣ್ಣು ಯಾವುದನ್ನೂ ಕದಲಿಸದೆ ಕೂರುವ ಸಂಕಲ್ಪ. ಮುಕ್ಕಾಲು ಗಂಟೆ ಆಗುವಷ್ಟರಲ್ಲಿ ಮಂಡಿ ಉರಿಯುತ್ತಿರುತ್ತದೆ. ಆ ಉರಿಯನ್ನೇ ನೋಡು ಅಂತಾರೆ. ಓಡಿಸಬೇಡ, ಸುಮ್ನೆ ನೋಡು. ನೋಡುತ್ತಾ ಹೋದರೆ ಅದು ಒಂದೇ ಗಟ್ಟಿ ನೋವಲ್ಲ, ಕ್ಷಣ ಕ್ಷಣಕ್ಕೂ ಬದಲಾಗುವ ಏನೋ ಒಂದು ಅಂತ ಗೊತ್ತಾಗುತ್ತದೆ. 'ಎಲ್ಲವೂ ಅನಿತ್ಯ' ಅಂತ ಎಷ್ಟೋ ಪ್ರವಚನದಲ್ಲಿ ಕೇಳಿರುತ್ತೇವೆ, ಅದನ್ನು ಮಂಡಿಯಲ್ಲಿ ತಿಳಿಯುವುದೇ ಬೇರೆ. ದಾರಿ ಆರಿಸುವವರಿಗೆ ಈ ಶಿಬಿರದಿಂದ ಸಿಗುವ ದೊಡ್ಡ ಲಾಭ ಇದೇ ಅಂತ ನನಗನಿಸುತ್ತದೆ. ಮಾತು ಕೇಳಿ ಒಪ್ಪುವುದಕ್ಕೂ ಮಾಡಿ ನೋಡಿ ಒಪ್ಪುವುದಕ್ಕೂ ಎಷ್ಟು ಅಂತರ ಇದೆ ಅಂತ ತಿಳಿದುಬಿಟ್ಟರೆ, ಮುಂದೆ ಯಾವ ಗುರುವಿನ ಬಾಯಿಮಾತಿಗೂ ಅಷ್ಟು ಸುಲಭವಾಗಿ ಮರುಳಾಗುವುದಿಲ್ಲ.

ಇನ್ನು ಶಿಬಿರದವರು ಹೇಳುವ ಒಂದು ಮಾತು: ಇದು ಯಾವ ಮತಕ್ಕೂ ಸೇರಿದ್ದಲ್ಲ, ಎಲ್ಲರಿಗೂ ಸಲ್ಲುವಂಥದ್ದು. ಇದು ಪೂರ್ತಿ ಹಾಗಿಲ್ಲ. ಉಸಿರು ಯಾರದ್ದಾದರೂ ಉಸಿರೇ, ಅದು ನಿಜ. ಆದರೆ ಶಿಬಿರ ಶುರುವಾಗುವಾಗ ಬುದ್ಧ, ಧರ್ಮ, ಸಂಘಕ್ಕೆ ಶರಣು ಹೇಳಿಸುತ್ತಾರೆ, ಅದು ವ್ಯಕ್ತಿಗಲ್ಲ ಗುಣಕ್ಕೆ ಅಂತ ವಿವರಿಸುತ್ತಾರೆ. ಪಾಲಿ ಭಾಷೆಯ ಪಠಣ ಇರುತ್ತದೆ. ಸಂಜೆ ಪ್ರವಚನದಲ್ಲಿ ಸಂಸ್ಕಾರ (ಮನಸ್ಸಿನಲ್ಲಿ ಉಳಿದ ಹಳೆಯ ಪ್ರತಿಕ್ರಿಯೆಗಳು), ಪುನರ್ಜನ್ಮ, ನಿಬ್ಬಾಣ (ನಿರ್ವಾಣ) ಎಲ್ಲ ಬರುತ್ತದೆ. ಅಷ್ಟು ದಿನವೂ ನಿಮ್ಮ ಪೂಜೆ, ನಮಾಜು, ಜಪಮಾಲೆ, ಮಂತ್ರ ಎಲ್ಲ ಬದಿಗಿಡಬೇಕು. ವಿಧಾನವನ್ನು ಬೆರೆಸದೆ ಪರೀಕ್ಷೆ ಮಾಡಿ ಅನ್ನುವುದು ಅವರು ಕೊಡುವ ಕಾರಣ, ಅದು ನ್ಯಾಯವಾದ ಕಾರಣವೇ. ಆದರೂ ದಿನಾ ಐದು ಹೊತ್ತು ನಮಾಜು ಮಾಡುವವರಿಗೆ, ನಿತ್ಯ ಸಂಧ್ಯಾವಂದನೆ ಬಿಡದವರಿಗೆ ಇದು ಸಣ್ಣ ವಿಷಯ ಅಲ್ಲ. ಮೊದಲೇ ಯೋಚಿಸಿ ಹೋಗಬೇಕು. ಮುಂದೆ 20 ದಿನ, 30 ದಿನದ ಶಿಬಿರಕ್ಕೆ ಹೋಗಬೇಕಾದರಂತೂ ಈ ಒಂದೇ ಸಾಧನೆಗೆ ಬದ್ಧರಾಗಿರಬೇಕು ಅಂತ ಷರತ್ತಿದೆ. ಮೊದಲ ಬಾಗಿಲು ಎಲ್ಲರಿಗೂ ತೆರೆದಿದೆ, ಒಳಗಿನ ಬಾಗಿಲು ಅಲ್ಲ.

ಪ್ರಶ್ನೆ ಕೇಳುವ ಅವಕಾಶ ಕಡಿಮೆ. ಮಧ್ಯಾಹ್ನ ಊಟದ ನಂತರ ಸ್ವಲ್ಪ ಹೊತ್ತು, ರಾತ್ರಿ ಒಂಬತ್ತರಿಂದ ಅರ್ಧ ಗಂಟೆ. ಕೇಳುವುದೂ ಸಾಧನೆಯ ಬಗ್ಗೆಯೇ ಇರಬೇಕು. ದೇವರು ಇದ್ದಾನಾ, ಶಂಕರರು ಹೇಳಿದ್ದಕ್ಕೂ ಬುದ್ಧ ಹೇಳಿದ್ದಕ್ಕೂ ಏನು ವ್ಯತ್ಯಾಸ ಅಂತ ಚರ್ಚೆಗೆ ಇದು ಜಾಗ ಅಲ್ಲ. ನಿಮ್ಮ ಹುಡುಕಾಟದಲ್ಲಿ ಇಂಥ ಪ್ರಶ್ನೆಗಳೇ ಮುಖ್ಯ ಆಗಿದ್ದರೆ ಉತ್ತರ ಬೇರೆ ಕಡೆ ಹುಡುಕಬೇಕಾಗುತ್ತದೆ. ಜಪಾನಿನ ಬೌದ್ಧ ಪಂಥವಾದ ಝೆನ್ ಸಾಧನೆಯಲ್ಲಿ ಗುರುವಿನ ಜೊತೆ ಒಬ್ಬೊಬ್ಬರಾಗಿ ಭೇಟಿ ಇದೆ. ಕ್ಯಾಥೊಲಿಕರ ಸಂತ ಇಗ್ನೇಷಿಯಸ್ ಹಾಕಿಕೊಟ್ಟ ಪದ್ಧತಿಯ 30 ದಿನದ ಧ್ಯಾನದಲ್ಲಿ ಒಬ್ಬ ಮಾರ್ಗದರ್ಶಕರು ಜೊತೆಗಿದ್ದು ನಿಮ್ಮ ಪ್ರಾರ್ಥನೆಯಲ್ಲಿ ಏನಾಯಿತು ಅಂತ ಕೇಳಿ ಮುಂದಿನ ಹೆಜ್ಜೆ ಹೇಳುತ್ತಾರೆ. ವೇದಾಂತದ ಪಾಠವಂತೂ ನಡೆಯುವುದೇ ಪ್ರಶ್ನೆ, ಉತ್ತರದ ಮೇಲೆ.

ಗುರುವನ್ನು ಅಳೆಯಲು ನಾನು ಇಟ್ಟುಕೊಂಡಿರುವ ಅಳತೆ ಪ್ರಶ್ನೋಪನಿಷತ್ತಿನದು. ಆರು ಜನ ಜಿಜ್ಞಾಸುಗಳು ಪಿಪ್ಪಲಾದರ ಹತ್ತಿರ ಬರುತ್ತಾರೆ. ಇನ್ನೂ ಒಂದು ವರ್ಷ ಇಲ್ಲಿ ತಪಸ್ಸಿನಿಂದ ಇರಿ, ಆಮೇಲೆ ಬೇಕಾದ್ದು ಕೇಳಿ, ನನಗೆ ಗೊತ್ತಿದ್ದರೆ ಎಲ್ಲ ಹೇಳುತ್ತೇನೆ ಅಂತಾರೆ ಅವರು. ಗೊತ್ತಿದ್ದರೆ! ಅಷ್ಟು ದೊಡ್ಡ ಋಷಿ ಆಡುವ ಮಾತು ನೋಡಿ. ನಾನು ಹಿಂದೆ ಹೋಗುತ್ತಿದ್ದ ಇನ್ನೊಂದು ಕಡೆ, ಹೆಸರು ಬೇಡ, ಸಂಶಯ ಹೇಳಿಕೊಂಡರೆ ಅದು ನಿನ್ನ ಅಹಂಕಾರ ಅನ್ನುವ ಉತ್ತರ ಬರುತ್ತಿತ್ತು. ಅಲ್ಲಿಗೆ ಹೋಗುವುದು ಬಿಟ್ಟೆ. ವಿಪಶ್ಯನದಲ್ಲಿ ಪ್ರಶ್ನೆಗೆ ಸಮಯ ಕಡಿಮೆ ನಿಜ, ಆದರೆ ಕೇಳಿದ್ದಕ್ಕೆ ಅವಮಾನ ಇಲ್ಲ. ನಂಬಬೇಡಿ, ಮಾಡಿ ನೋಡಿ, ಸರಿ ಅನಿಸದ್ದನ್ನು ಬದಿಗಿಡಿ ಅಂತ ಪ್ರವಚನದಲ್ಲೇ ಹೇಳುತ್ತಾರೆ. ಯಾರನ್ನು ನಂಬಬೇಕು ಅಂತ ಕೇಳಿದ ಕಾಲಾಮರು ಅನ್ನುವ ಜನರಿಗೆ ಬುದ್ಧ ಹೇಳಿದ್ದೂ ಇದನ್ನೇ: ಪರಂಪರೆ ಅಂತಲೋ, ಗ್ರಂಥದಲ್ಲಿದೆ ಅಂತಲೋ, ಇವರು ನಮ್ಮ ಗುರು ಅಂತಲೋ ಒಪ್ಪಬೇಡಿ.

ಹತ್ತು ಕಡೆ ಗುಂಡಿ ತೋಡಿದರೆ ನೀರು ಸಿಗಲ್ಲ, ಒಂದೇ ಕಡೆ ಆಳವಾಗಿ ತೋಡು ಅಂತ ಹಿರಿಯರು ಹೇಳುತ್ತಾರೆ. ಸರಿಯೇ. ಆದರೆ ಎಲ್ಲಿ ತೋಡಬೇಕು ಅಂತ ನೆಲ ನೋಡಿಯೇ ನಿರ್ಧರಿಸಬೇಕಲ್ವಾ? ರಾಮಕೃಷ್ಣ ಪರಮಹಂಸರು ತಂತ್ರ, ಅದ್ವೈತ, 1866ರಲ್ಲಿ ಇಸ್ಲಾಂ, 1874ರಲ್ಲಿ ಕ್ರೈಸ್ತ ಮಾರ್ಗ ಎಲ್ಲವನ್ನೂ ಸಾಧಿಸಿ ನೋಡಿದರು. ಆದರೆ ಒಂದರ ಜೊತೆ ಇನ್ನೊಂದನ್ನು ಕಲಸಲಿಲ್ಲ. ಇಸ್ಲಾಂ ಸಾಧನೆ ಮಾಡುವಾಗ ಕಾಳಿಯ ಗುಡಿಗೂ ಹೋಗಲಿಲ್ಲ. ಬೆಳಗ್ಗೆ ಒಬ್ಬರ ಧ್ಯಾನ, ಸಂಜೆ ಇನ್ನೊಬ್ಬರ ಮಂತ್ರ, ವಾರಕ್ಕೊಂದು ಹೊಸ ವಿಡಿಯೋ ಅಂತ ಸುತ್ತುವವರಿಗೆ ಈ ಶಿಬಿರದ ಬಿಗಿ ನಿಯಮ ಔಷಧಿ.

ಎಲ್ಲರಿಗೂ ಇದು ಬೇಡ. ತೀವ್ರ ಮಾನಸಿಕ ತೊಂದರೆ ಇರುವವರು, ಅದಕ್ಕೆ ಮಾತ್ರೆ ತೆಗೆದುಕೊಳ್ಳುತ್ತಿರುವವರು ಅರ್ಜಿಯಲ್ಲಿ ಮುಚ್ಚಿಡದೆ ಬರೆಯಿರಿ, ನಿಮ್ಮ ವೈದ್ಯರನ್ನೂ ಕೇಳಿ. ಮಾತು, ಮನೆಯವರು, ಫೋನ್ ಏನೂ ಇಲ್ಲದೆ ದಿನವಿಡೀ ಒಳಗೇ ನೋಡುತ್ತಾ ಕೂತಾಗ ಹಳೆಯದೆಲ್ಲ ಮೇಲೆ ಬರುತ್ತದೆ, ಕೆಲವರಿಗೆ ಅದು ಜಾಸ್ತಿ ಆಗುತ್ತದೆ. ಈಗಷ್ಟೇ ಆಪ್ತರನ್ನು ಕಳೆದುಕೊಂಡವರೂ ಸ್ವಲ್ಪ ತಡೆದು ಹೋಗುವುದು ಒಳ್ಳೆಯದು ಅಂತ ನನ್ನ ಅನಿಸಿಕೆ. ನಡುವೆ ಬಿಟ್ಟು ಹೋಗುವುದಿಲ್ಲ ಅಂತ ಒಪ್ಪಿಕೊಂಡೇ ಒಳಗೆ ಹೋಗುವುದರಿಂದ, ಅನುಮಾನ ಇದ್ದರೆ ಹೋಗುವ ಮೊದಲೇ ತೀರಿಸಿಕೊಳ್ಳಿ. ನೆಲದ ಮೇಲೆ ಕೂರಲಾಗದವರು ಕುರ್ಚಿ ಕೇಳಬಹುದು.

ಐದಕ್ಕೆ ನಾಲ್ಕು ಕೊಡುತ್ತೇನೆ. ಒಂದು ಅಂಕ ಕಡಿಮೆ ಮಾಡಿದ್ದು 'ಯಾವ ಮತಕ್ಕೂ ಸೇರಿದ್ದಲ್ಲ' ಅನ್ನುವ ಮಾತಿಗೆ ಮತ್ತು ಚರ್ಚೆಗೆ ಜಾಗ ಇಲ್ಲದಿರುವುದಕ್ಕೆ. ಶಿಬಿರ ಮುಗಿದ ಮೇಲೆ ಬೆಳಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಕೂರಿ ಅಂತಾರೆ. ಹತ್ತನೇ ದಿನದ ಖುಷಿಯಲ್ಲಿ ಇದೇ ನನ್ನ ದಾರಿ ಅಂತ ಮನೆಯವರ ಮುಂದೆ ಘೋಷಣೆ ಮಾಡಬೇಡಿ. ಕೆಲವು ತಿಂಗಳು ಬೇರೆ ಏನನ್ನೂ ಬೆರೆಸದೆ ಹಾಗೇ ಕೂತು ನೋಡಿ. ಸಿಟ್ಟು ಬಂದಾಗ ಬಾಯಿ ಸ್ವಲ್ಪ ತಡವಾಗಿ ತೆರೆಯುತ್ತಿದೆಯಾ ಅಂತ ಮನೆಯವರನ್ನೇ ಕೇಳಿ, ಅವರು ಹೌದು ಅಂದರೆ ಮುಂದುವರಿಸಿ, ಇಲ್ಲ ಅಂದರೆ ಇನ್ನೊಂದು ದಾರಿಯನ್ನು ಇಷ್ಟೇ ಶ್ರದ್ಧೆಯಿಂದ ನೋಡಿ.