ಬೆವರೂ ಹರಿಯಲಿ, ಊರಿಗೂ ಕೆಲಸವಾಗಲಿ: ನಾನು ಮಾಡಿ ನೋಡಿದ ನಾಲ್ಕು ದಾರಿಗಳು

ಜಿಮ್ ಸದಸ್ಯತ್ವ ಮುಗಿದಾಗ ನಾನು ಅದನ್ನು ಮುಂದುವರಿಸಲಿಲ್ಲ. ಟ್ರೆಡ್‌ಮಿಲ್ ಮೇಲೆ ನಲವತ್ತು ನಿಮಿಷ ಓಡಿ ಇಳಿದರೆ, ಹತ್ತಿದ ಜಾಗದಲ್ಲೇ ಇರುತ್ತಿದ್ದೆ. ಇಷ್ಟು ಬೆವರು ಸುರಿಸುವುದೇ ಆದರೆ ಅದರಿಂದ ಇನ್ನೊಬ್ಬರಿಗೂ ಏನಾದರೂ ಆಗಬಾರದಾ ಅಂತ ಅನಿಸತೊಡಗಿತ್ತು. ಹಾಗೆ ಶುರುವಾದ ಒಂದು ವರ್ಷದ ಪ್ರಯತ್ನ ಇದು. ಕಸ ಹೆಕ್ಕುತ್ತಾ ಓಡಿದೆ. ಗಿಡ ನೆಡುವ ಗುಂಪಿನ ಜೊತೆ ಗುದ್ದಲಿ ಹಿಡಿದೆ. ಒಂಟಿಯಾಗಿರುವ ಹಿರಿಯರೊಬ್ಬರ ಮನೆತನಕ ಓಡಿಹೋಗಿ ಮಾತಾಡಿಸಿ ಬಂದೆ. ಕಣ್ಣು ಕಾಣದ ಓಟಗಾರರಿಗೆ ದಾರಿ ಹೇಳುತ್ತಾ ಜೊತೆಗೆ ಓಡಿದೆ. ಒಂದೊಂದಕ್ಕೂ ಕಡಿಮೆ ಅಂದರೂ ಎರಡು ತಿಂಗಳು ಕೊಟ್ಟೆ.

ಹೋಲಿಸಲು ಎರಡು ಪ್ರಶ್ನೆ ಇಟ್ಟುಕೊಂಡಿದ್ದೆ. ನನ್ನ ದೇಹಕ್ಕೆ ಸರಿಯಾದ ವ್ಯಾಯಾಮ ಸಿಕ್ಕಿತಾ? ಆ ಕಡೆಯವರಿಗೆ ಸರಿಯಾದ ಸಹಾಯ ಸಿಕ್ಕಿತಾ? ಮೊದಲನೆಯದಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ ಇತ್ತು: ದೊಡ್ಡವರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮ, ಅಥವಾ 75ರಿಂದ 150 ನಿಮಿಷ ಜೋರಾದ ಶ್ರಮ. ಜೊತೆಗೆ ಕನಿಷ್ಠ ಎರಡು ದಿನ ಸ್ನಾಯು ಬಲಪಡಿಸುವ ಕೆಲಸ. ಮೂರನೇ ಪ್ರಶ್ನೆ ಮಾತ್ರ ನಡುವೆ ತಾನಾಗಿ ಬಂತು: ಮಳೆ ಬಂದ ದಿನವೂ ಹೋದೆನಾ? ಕೊನೆಗೆ ಉಳಿದ ಎರಡಕ್ಕಿಂತ ಇದೇ ದೊಡ್ಡದು ಅನಿಸಿತು.

ಶುರು ಮಾಡಿದ್ದು ಪ್ಲಾಗಿಂಗ್‌ನಿಂದ, ಅಂದರೆ ಕಸ ಹೆಕ್ಕುತ್ತಾ ಓಡುವುದರಿಂದ. 2016ರಲ್ಲಿ ಸ್ವೀಡನ್ನಿನ ಎರಿಕ್ ಆಲ್‌ಸ್ಟ್ರೋಮ್ ಇದನ್ನು ಜನಪ್ರಿಯ ಮಾಡಿದರು. ಎತ್ತಿಕೊಳ್ಳುವುದಕ್ಕೆ ಇರುವ ಸ್ವೀಡಿಷ್ ಪದವೂ ಜಾಗಿಂಗ್‌ಗೆ ಇರುವ ಪದವೂ ಸೇರಿ ಈ ಹೆಸರಾಯಿತು. ಇದರ ದೊಡ್ಡ ಅನುಕೂಲ ಅಂದರೆ ಯಾರನ್ನೂ ಕೇಳಬೇಕಿಲ್ಲ, ಎಲ್ಲೂ ಹೆಸರು ಬರೆಸಬೇಕಿಲ್ಲ. ದಪ್ಪ ಕೈಗವಸು, ಎರಡು ಚೀಲ, ಅಷ್ಟೇ.

ಆದರೆ ಓಟ ಅಂತ ನೋಡಿದರೆ ಇದು ಚೂರುಚೂರಾದ ಓಟ. ಮೂವತ್ತು ಹೆಜ್ಜೆ ಹಾಕುವಷ್ಟರಲ್ಲಿ ಒಂದು ಬಾಟಲಿ, ಇನ್ನು ಹತ್ತು ಹೆಜ್ಜೆಗೆ ಒಂದು ಪ್ಲಾಸ್ಟಿಕ್ ಕವರ್. ಎದೆಬಡಿತ ಏರುತ್ತಿದ್ದಂತೆ ಮತ್ತೆ ಇಳಿಯುತ್ತದೆ. ಚೀಲ ತುಂಬಿದ ಮೇಲೆ ಒಂದೇ ಕಡೆಗೆ ಭಾರ ಬಿದ್ದು ಭುಜ ಎಳೆಯುತ್ತದೆ. ಮೂರು ವಾರ ಹೀಗೇ ಒದ್ದಾಡಿ ಆಮೇಲೆ ಒಂದು ದಾರಿ ಕಂಡುಕೊಂಡೆ. ಹೋಗುವಾಗ ನಡೆಯುತ್ತಾ ಕಸ ಎತ್ತುವುದು, ಕೊನೆಯಲ್ಲಿರುವ ಕಸದ ತೊಟ್ಟಿಗೆ ಚೀಲ ಹಾಕುವುದು, ಬರುವಾಗ ಖಾಲಿ ಕೈಯಲ್ಲಿ ನಿಲ್ಲದೆ ಓಡುವುದು. ಎತ್ತುವಾಗ ಸೊಂಟ ಬಗ್ಗಿಸದೆ ಮೊಣಕಾಲು ಮಡಚಿ ಕೂತು ಏಳಬೇಕು, ಒಂದು ಸಲ ಎಡ, ಒಂದು ಸಲ ಬಲ. ಒಂದು ಗಂಟೆಯಲ್ಲಿ ನೂರಕ್ಕೂ ಹೆಚ್ಚು ಬೈಠಕ್ ಆದ ದಿನಗಳಿವೆ, ತೊಡೆಗೆ ಅದು ಚೆನ್ನಾಗಿಯೇ ಗೊತ್ತಾಗುತ್ತದೆ. ಒಡೆದ ಗಾಜು ಮತ್ತು ಸೂಜಿಗೆ ಮಾತ್ರ ಇಕ್ಕಳ ಬೇಕೇ ಬೇಕು, ಕೈ ಹಾಕಬೇಡಿ. ಸಿಗರೇಟಿನ ತುಂಡುಗಳನ್ನು ಬಿಟ್ಟು ಹೋಗಬೇಡಿ. ನೋಡಲು ಹತ್ತಿಯ ಹಾಗೆ ಕಂಡರೂ ಅವುಗಳ ಫಿಲ್ಟರ್ ಒಂದು ಬಗೆಯ ಪ್ಲಾಸ್ಟಿಕ್.

ನನಗೆ ಬೇಸರವಾದದ್ದು ಗುಂಪಿನ ಜೊತೆ ಹೋದ ದಿನ. ಒಂದು ಗುಂಪಿನವರು ಕರೆದಿದ್ದರು, ಇಪ್ಪತ್ತು ಜನ ಸೇರಿ ಹದಿನೈದು ಚೀಲ ತುಂಬಿದೆವು. ಚೀಲಗಳನ್ನು ಯಾರು ಒಯ್ಯುತ್ತಾರೆ ಅಂತ ಯಾರೂ ಮೊದಲೇ ಮಾತಾಡಿರಲಿಲ್ಲ. ಮರುದಿನ ಅದೇ ದಾರಿಯಲ್ಲಿ ಹೋದರೆ ನಾಯಿಗಳು ಚೀಲ ಹರಿದು, ಎಲ್ಲಾ ಕಸ ಮತ್ತೆ ರಸ್ತೆಯ ಮೇಲೆ. ಆ ಬೆಳಿಗ್ಗೆ ಮನಸ್ಸಿಗೆ ತುಂಬಾ ನೋವಾಯಿತು. ಅಂದಿನಿಂದ ಚೀಲ ಎಲ್ಲಿಗೆ ಹೋಗುತ್ತದೆ ಅಂತ ಗೊತ್ತಾಗದೆ ನಾನು ಕಸ ಎತ್ತಲು ಹೊರಡುವುದಿಲ್ಲ.

ಮಳೆಯ ಪ್ರಶ್ನೆ? ಪ್ಲಾಗಿಂಗ್ ಇಲ್ಲಿ ಸೋತಿತು. ಮೋಡ ಕಂಡರೆ ನಾಳೆ ಹೋಗೋಣ ಅಂದುಕೊಳ್ಳುತ್ತಿದ್ದೆ. ಕಸ ನನಗಾಗಿ ಕಾಯುವುದಿಲ್ಲವಲ್ಲ.

ಬರೀ ದೇಹದ ಲೆಕ್ಕ ತೆಗೆದರೆ ಗುದ್ದಲಿಗೆ ಮೊದಲ ಸ್ಥಾನ, ಎರಡನೇ ಮಾತಿಲ್ಲ. ಗುಂಡಿ ತೋಡುವುದು, ಗೊಬ್ಬರದ ಕೈಗಾಡಿ ತಳ್ಳುವುದು, ನೀರಿನ ಕೊಡ ಹೊರುವುದು: ಕಾಲು, ಬೆನ್ನು, ಭುಜ, ಹಿಡಿತ ಎಲ್ಲಕ್ಕೂ ಒಟ್ಟಿಗೆ ಕೆಲಸ. ವಾರಕ್ಕೆ ಎರಡು ದಿನ ಸ್ನಾಯುಗಳಿಗೆ ಕೆಲಸ ಕೊಡಿ ಅನ್ನುವ ಮಾತನ್ನು ಈ ನಾಲ್ಕರಲ್ಲಿ ಪೂರ್ತಿ ನಡೆಸಿಕೊಡುವುದು ಇದೊಂದೇ. ಬ್ರಿಟನ್ನಿನ ವೈದ್ಯ ವಿಲಿಯಂ ಬರ್ಡ್ 1990ರ ದಶಕದ ಕೊನೆಯಲ್ಲಿ ಇದನ್ನೇ ‘ಗ್ರೀನ್ ಜಿಮ್’ ಅಂತ ರೂಪಿಸಿದರು. ಮೈ ಬಿಸಿ ಮಾಡಿಕೊಂಡು ಶುರು, ಮೈ ಸಡಿಲಿಸಿ ಮುಗಿಸುವುದು, ನಡುವೆ ಪ್ರಕೃತಿಯ ಕೆಲಸ. ಆ ಮೊದಲ ಹತ್ತು ನಿಮಿಷವನ್ನು ನಮ್ಮ ಗುಂಪು ಬಿಟ್ಟುಬಿಟ್ಟಿತ್ತು. ಎರಡನೇ ವಾರ ನನ್ನ ಕೆಳಬೆನ್ನು ಹಿಡಿದುಕೊಂಡಿತು. ಮಣ್ಣು ಎಸೆಯುವಾಗ ಸೊಂಟ ತಿರುಚದೆ ಪಾದ ತಿರುಗಿಸಬೇಕು, ಆಗಾಗ ಕೈ ಬದಲಿಸಬೇಕು ಅಂತ ಕಲಿತದ್ದು ಆಮೇಲೆ. ಮೈಕೈ ನೋವು ಜೋರಾಗುವುದು ಆ ದಿನವಲ್ಲ, ಒಂದೆರಡು ದಿನ ಕಳೆದ ಮೇಲೆ. ಹಾಗಾಗಿ ಭಾನುವಾರ ಅಗೆದವರು ಮಂಗಳವಾರ ಜೋರಾಗಿ ಓಡುವ ಯೋಚನೆ ಇಟ್ಟುಕೊಳ್ಳಬೇಡಿ.

ಒಂದು ಕೊರತೆ ಇದೆ. ಗಿಡ ನೆಡಲು ಬರುವವರು ಜಾಸ್ತಿ, ನೆಟ್ಟ ಮೇಲೆ ನೀರು ಹಾಕಲು ಬರುವವರು ಕಡಿಮೆ. ನಾಲ್ಕನೇ ವಾರದಿಂದ ನಾನು ನೆಡುವುದನ್ನು ಬಿಟ್ಟು ನೀರು ಹೊರುವುದನ್ನೇ ಹಿಡಿದೆ. ಗಿಡಕ್ಕೂ ನನಗೂ ಅದರಿಂದಲೇ ಜಾಸ್ತಿ ಲಾಭವಾಯಿತು.

ಈಗ ಹಿರಿಯರ ಮನೆಯ ಓಟ. ಇದರ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಲಂಡನ್ನಿನ ಐವೊ ಗೋರ್ಮ್‌ಲಿ ಶುರು ಮಾಡಿದ ‘ಗುಡ್‌ಜಿಮ್’ ಈ ಪದ್ಧತಿಯನ್ನು ಬೆಳೆಸಿತು. ಅಲ್ಲಿ ಹಿರಿಯರನ್ನು ಕೋಚ್ ಅಂತ ಕರೆಯುತ್ತಾರೆ. ನೀವು ಅವರಿಗೆ ಸಹಾಯ ಮಾಡಲು ಹೋಗುತ್ತಿಲ್ಲ, ನಿಮ್ಮನ್ನು ಮನೆಯಿಂದ ಹೊರಗೆ ಎಬ್ಬಿಸುವವರು ಅವರು ಅನ್ನುವ ಅರ್ಥ. ಓದಿದಾಗ ಸುಮ್ನೆ ಚಂದದ ಮಾತು ಅಂದುಕೊಂಡಿದ್ದೆ. ಮಾಡಿ ನೋಡಿದ ಮೇಲೆ ಅದು ಅಕ್ಷರಶಃ ನಿಜ ಅಂತ ಗೊತ್ತಾಯಿತು.

ಪರಿಚಯದವರೊಬ್ಬರ ಮೂಲಕ ಒಬ್ಬ ಅಜ್ಜಿಯ ಮನೆ ಗೊತ್ತಾಯಿತು. ಅವರ ಮಕ್ಕಳ ಜೊತೆ ಮೊದಲು ಮಾತಾಡಿ, ಒಪ್ಪಿಗೆ ತೆಗೆದುಕೊಂಡೇ ಹೋದೆ. ಅದನ್ನು ತಪ್ಪಿಸಬಾರದು. ಹೋಗಲು ನಾಲ್ಕು ಕಿಲೋಮೀಟರ್, ಅರ್ಧ ಗಂಟೆ ಮಾತು, ವಾಪಸ್ ನಾಲ್ಕು ಕಿಲೋಮೀಟರ್. ವ್ಯಾಯಾಮದ ಲೆಕ್ಕದಲ್ಲಿ ಇದು ಶುದ್ಧ ಓಟ, ನಡುವೆ ಕಡಿತ ಒಂದೇ. ಆದರೆ ಆ ಅರ್ಧ ಗಂಟೆ ಕೂತಾಗ ಬೆವರು ಆರಿ ಮೈ ತಣ್ಣಗಾಗುತ್ತದೆ, ಮೀನಖಂಡ ಬಿಗಿಯುತ್ತದೆ. ಒಣ ಅಂಗಿಯೊಂದನ್ನು ಬೆನ್ನಚೀಲದಲ್ಲಿ ಇಟ್ಟುಕೊಳ್ಳಿ. ವಾಪಸ್ ಬರುವಾಗ ಮೊದಲ ಐದು ನಿಮಿಷ ನಡೆಯಿರಿ.

ಮೊದಲ ತಿಂಗಳು ನಾನು ಒಂದು ತಪ್ಪು ಮಾಡಿದೆ. ಮಂಗಳವಾರ ಅಂದಿದ್ದೆ, ಸಮಯ ಹೇಳಿರಲಿಲ್ಲ. ಒಂದು ದಿನ ಕೆಲಸ ಮುಗಿಸಿ ಏಳೂವರೆಗೆ ಹೋದೆ. ಅಜ್ಜಿ ನಾಲ್ಕು ಗಂಟೆಯಿಂದ ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡು ಕೂತಿದ್ದರು. ನಾನು ವ್ಯಾಯಾಮದ ಸಮಯ ಹೊಂದಿಸಿಕೊಂಡಿದ್ದೆ, ಅವರು ಇಡೀ ಮಧ್ಯಾಹ್ನವನ್ನು ಹೊಂದಿಸಿಕೊಂಡಿದ್ದರು. ಅವತ್ತಿನಿಂದ ಆರು ಗಂಟೆ ಅಂದರೆ ಆರೇ. ಬರಲಾಗದ ದಿನ ಬೆಳಿಗ್ಗೆಯೇ ಫೋನ್. ಹಣ ಮುಟ್ಟುವುದಿಲ್ಲ, ಕೀಲಿ ಇಟ್ಟುಕೊಳ್ಳುವುದಿಲ್ಲ, ಮಾತ್ರೆಗಳ ಬಗ್ಗೆ ಸಲಹೆ ಕೊಡುವುದಿಲ್ಲ. ಬಲ್ಬ್ ಬದಲಿಸುವುದು, ಮೇಲಿನ ಶೆಲ್ಫಿನ ಡಬ್ಬ ಇಳಿಸುವುದು, ಮತ್ತೆ ಮಾತು. ಅಷ್ಟೇ ಅವರಿಗೆ ಬೇಕಾಗಿದ್ದದ್ದು.

ಆ ಎರಡು ತಿಂಗಳಲ್ಲಿ ಮಳೆಗೆ ಒಂದು ದಿನವೂ ತಪ್ಪಿಸಲಿಲ್ಲ. ಪ್ಲಾಗಿಂಗ್‌ಗೂ ಇದಕ್ಕೂ ಇದ್ದ ವ್ಯತ್ಯಾಸ ಅದೇ.

ಗೈಡ್ ರನ್ನಿಂಗ್, ಅಂದರೆ ಕಣ್ಣು ಕಾಣದವರಿಗೆ ದಾರಿ ಹೇಳುತ್ತಾ ಜೊತೆಗೆ ಓಡುವುದು, ಇದಕ್ಕೂ ಒಂದು ಹೆಜ್ಜೆ ಮುಂದೆ. ಇಬ್ಬರ ಕೈಗೂ ಒಂದೊಂದು ಕುಣಿಕೆ, ನಡುವೆ ಗಿಡ್ಡ ಹಗ್ಗ. ಪಕ್ಕಪಕ್ಕದಲ್ಲಿ, ಕೈ ಬೀಸು ಹೊಂದಿಸಿಕೊಂಡು ಓಡಬೇಕು. ಪ್ಯಾರಾ ಅಥ್ಲೆಟಿಕ್ಸ್‌ನಲ್ಲಿ ಕಣ್ಣು ಹೆಚ್ಚೂಕಡಿಮೆ ಕಾಣದವರಿಗಾಗಿ ಇರುವ ಟಿ11 ವಿಭಾಗದಲ್ಲಿ, ಗೈಡ್ ಮುಕ್ತಾಯದ ಗೆರೆಯನ್ನು ಓಟಗಾರನಿಗಿಂತ ಮೊದಲು ದಾಟಿದರೆ ಅನರ್ಹತೆ. ನಮ್ಮದು ಸ್ಪರ್ಧೆಯಲ್ಲ, ಆದರೂ ಆ ನಿಯಮವೇ ಇದರ ಜೀವ. ಎಳೆಯಬಾರದು, ತಳ್ಳಬಾರದು, ವೇಗ ಅವರದು.

ಮೊದಲ ದಿನ ನಾನು ಹುಷಾರು ಅಂತ ಕೂಗಿದೆ. ಜೊತೆಗಾರ ಥಟ್ಟನೆ ನಿಂತರು. ‘ಹುಷಾರು ಅಂದರೆ ನನಗೆ ಏನೂ ಗೊತ್ತಾಗಲ್ಲ. ಏನಿದೆ, ಎಷ್ಟು ದೂರ ಇದೆ, ಅದು ಹೇಳಿ’ ಅಂದರು. ಆಮೇಲೆ ‘ಮೂರು ಹೆಜ್ಜೆಗೆ ಮೆಟ್ಟಿಲು, ಮೇಲಕ್ಕೆ, ಮೂರು, ಎರಡು, ಒಂದು’ ಅನ್ನುವುದನ್ನು ಕಲಿತೆ. ದಾರಿಯನ್ನು ಎರಡು ಮೈ ಅಗಲಕ್ಕೆ ನೋಡುವುದನ್ನು ಕಲಿತೆ. ತಲೆಯ ಎತ್ತರದ ಕೊಂಬೆಗಳು ನನ್ನ ಕಣ್ಣಿಗೆ ಬೀಳತೊಡಗಿದ್ದೇ ಆಗ.

ವ್ಯಾಯಾಮವಾಗಿ ಇದು ಎಷ್ಟು? ಓಡುತ್ತಾ ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅದೇ ಮಧ್ಯಮ ಶ್ರಮದ ಸುಲಭ ಗುರುತು. ಗೈಡ್ ಉದ್ದಕ್ಕೂ ಮಾತಾಡುತ್ತಲೇ ಇರಬೇಕು. ಅಂದರೆ ಜೊತೆಗಾರರಿಗಿಂತ ಗೈಡ್‌ಗೆ ಸ್ವಲ್ಪ ಹೆಚ್ಚೇ ವೇಗದ ಶಕ್ತಿ ಇರಬೇಕು. ನಿಮ್ಮ ಗರಿಷ್ಠ ವೇಗಕ್ಕೆ ಸಮನಾದವರ ಜೊತೆ ಒಪ್ಪಿಕೊಳ್ಳಬೇಡಿ, ಉಸಿರು ಕಟ್ಟಿದ ಗೈಡ್ ಅಪಾಯ. ನನಗೆ ಒಂದು ಗಂಟೆಯ ಓಟದ ಕೊನೆಗೆ ಕಾಲಿಗಿಂತ ತಲೆ ಜಾಸ್ತಿ ದಣಿದಿರುತ್ತಿತ್ತು. ಸಹಾಯದ ಲೆಕ್ಕದಲ್ಲಿ ಇದರ ಮುಂದೆ ಯಾವುದೂ ನಿಲ್ಲುವುದಿಲ್ಲ. ನಾನು ಹೋಗದಿದ್ದರೆ ಅವರ ಅವತ್ತಿನ ಓಟವೇ ಇಲ್ಲ. ಮೊದಲು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಇನ್ನೊಬ್ಬರ ಜೊತೆ ಹತ್ತು ನಿಮಿಷ ನಡೆದು ನೋಡಿ. ಆಮೇಲೆ ಹಗ್ಗ ಹಿಡಿಯಿರಿ.

ಇನ್ನೆರಡನ್ನು ಸ್ವಲ್ಪವೇ ನೋಡಿದೆ. ಆಶ್ರಯ ಕೇಂದ್ರದ ನಾಯಿಗಳನ್ನು ಸುತ್ತಾಡಿಸುವುದು ಖುಷಿ ಕೊಡುತ್ತದೆ, ಆದರೆ ನಡೆಯುವುದಕ್ಕಿಂತ ನಿಲ್ಲುವುದೇ ಜಾಸ್ತಿ, ಮೂಸುವುದು ನಾಯಿಗೆ ಬೇಕು, ಬಿಡಲೇಬೇಕು. ಇನ್ನೊಂದು, 2004ರಲ್ಲಿ ಲಂಡನ್ನಿನ ಬುಶಿ ಪಾರ್ಕ್‌ನಲ್ಲಿ 13 ಓಟಗಾರರಿಂದ ಶುರುವಾದ ಪಾರ್ಕ್‌ರನ್ ಮಾದರಿಯ ವಾರದ ಉಚಿತ ಓಟಗಳು. ಅಲ್ಲಿ ಗಡಿಯಾರ ಹಿಡಿದು ನಿಂತರೆ ವ್ಯಾಯಾಮ ಇಲ್ಲ. ಎಲ್ಲರಿಗಿಂತ ಹಿಂದೆ, ಕೊನೆಯವರ ಜೊತೆ ನಡೆಯುವ ಕೆಲಸ ಕೇಳಿ. ಪೂರ್ತಿ 5 ಕಿಲೋಮೀಟರ್ ಸಿಗುತ್ತದೆ, ಹೊಸದಾಗಿ ಬಂದವರಿಗೆ ತಾನೇ ಕೊನೆ ಅನ್ನುವ ಅಳುಕು ಇರುವುದಿಲ್ಲ.

ಹಾಗಾದರೆ ಯಾವುದು ಯಾರಿಗೆ? ಸಮಯ ನಿಮ್ಮ ಕೈಯಲ್ಲಿಲ್ಲ ಅಂದರೆ ಪ್ಲಾಗಿಂಗ್ ಹಿಡಿಯಿರಿ, ಯಾರಿಗೂ ಮಾತು ಕೊಡಬೇಡಿ. ಒಂಟಿ ಹಿರಿಯರ ಬಾಗಿಲು ತಟ್ಟಿ ಎರಡು ವಾರಕ್ಕೆ ಬಿಟ್ಟುಬಿಡುವುದು, ಹೋಗದೇ ಇರುವುದಕ್ಕಿಂತ ಕೆಟ್ಟದ್ದು. ಬಲ ಬೇಕು ಅಂದರೆ ಗುದ್ದಲಿ. ಒಂದು ವರ್ಷ ಓಡಿ ಅಭ್ಯಾಸವಿದ್ದು, ಸ್ವಂತ ವೇಗದ ಹಟ ಬಿಡಲು ಸಿದ್ಧ ಇದ್ದರೆ ಹಗ್ಗ. ವ್ಯಾಯಾಮ ಶುರುಮಾಡಿ ಬಿಡುವ ಅಭ್ಯಾಸ ಇರುವವರಿಗೆ ನಾನು ಹಿರಿಯರ ಮನೆಯ ಓಟವನ್ನೇ ಹೇಳುತ್ತೇನೆ, ಆದರೆ ಮೊದಲ ತಿಂಗಳು ವಾರಕ್ಕೆ ಒಂದೇ ದಿನ, ಅದೂ ನಡೆದೇ ಹೋಗಬಹುದಾದ ದೂರಕ್ಕೆ.

ಈಗ ನನ್ನ ವಾರ ಹೀಗಿದೆ. ಮಂಗಳವಾರ ಆರು ಗಂಟೆಗೆ ಅಜ್ಜಿಯ ಮನೆ. ಶನಿವಾರ ಬೆಳಿಗ್ಗೆ ಹಗ್ಗ. ಒಂದು ಬಿಟ್ಟು ಒಂದು ಭಾನುವಾರ ನೀರಿನ ಕೊಡ. ಕಸದ ಚೀಲ ಈಗಲೂ ಬೆನ್ನಚೀಲದ ಜೇಬಿನಲ್ಲಿದೆ. ಅಜ್ಜಿಯ ಮನೆಯಿಂದ ಹೊರಟು ಮೊದಲ ಐದು ನಿಮಿಷ ನಡೆಯುತ್ತೇನಲ್ಲ, ಆಗ ಅದನ್ನು ಬಿಚ್ಚುತ್ತೇನೆ. ಅವರ ಬೀದಿಯ ತಿರುವಿನಲ್ಲೇ ಒಂದು ಕಸದ ತೊಟ್ಟಿ ಇದೆ.